"ತಾಳ ಹಿಡಿ" ಅಂದ. ಇದನ್ನ ಹೇಗೆ ತಗೊಳ್ಳಲಿ?

ಕಡಪಾಕಲ್ಲು (ಬಳ್ಳಾರಿ) · ಭಾನುವಾರ, ರಾತ್ರಿ 11:40

ಹೆಸರು ಬೇಡ. ಊರೇ ಸಣ್ಣದು, ಅದರಲ್ಲಿ ಭರತನಾಟ್ಯದವರ ಬಳ್ಳಾರಿ ಇನ್ನೂ ಸಣ್ಣದು. ಜೋಳದರಾಶಿ ದೊಡ್ಡನಗೌಡ ರಂಗಮಂದಿರದಲ್ಲಿ ಯಾರ ಕಾರ್ಯಕ್ರಮ ಇದ್ದರೂ ಮುಂದಿನ ನಾಲ್ಕು ಸಾಲಲ್ಲಿ ಅವೇ ಮುಖ.

ನನಗೆ 34. ನೃತ್ಯದ ವಿದ್ವತ್ ಪರೀಕ್ಷೆ ಮುಗಿಸಿ ಹತ್ತು ವರ್ಷ. ಮಾಳಿಗೆ ಮೇಲೆ ಕ್ಲಾಸು, 45 ಮಕ್ಕಳು, ತಿಂಗಳಿಗೆ 600 ರೂಪಾಯಿ ಫೀಸು. ಹತ್ತು ಮಂದಿ ಸರಿಯಾಗಿ ಕೊಡಲ್ಲ, ನಾನು ಕೇಳೋದೂ ಇಲ್ಲ. ಅವರ ಅಪ್ಪಂದಿರು ಜೀನ್ಸ್ ಹೊಲಿಯೋ ಕಡೆ ಇದ್ದಾರೆ, ಕೆಲಸ ಇದ್ದ ತಿಂಗಳು ತಂದು ಕೊಡ್ತಾರೆ.

"ತಾಳ ಹಿಡಿ" ಅಂದವನಿಗೆ 27. ಕೊಪ್ಪಳ ಕಡೆ ಹಳ್ಳಿ. ಅಪ್ಪ ದೊಡ್ಡಾಟದಲ್ಲಿ ವೇಷ ಕಟ್ಟೋರು. ಇವನು ಭರತನಾಟ್ಯಕ್ಕೆ ಬಂದಿದ್ದು 18ಕ್ಕೆ, ಹೊಸಪೇಟೆಯಲ್ಲಿ, ಬೇರೆ ಗುರುಗಳ ಹತ್ರ. ತೋರಣಗಲ್ಲಲ್ಲಿ ಶಿಫ್ಟ್ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದು ಮುಖ ತೊಳೆದು ಅಡವು (ಹೆಜ್ಜೆಗಳ ಅಭ್ಯಾಸ) ಶುರು ಮಾಡೋ ಆಸಾಮಿ.

ಮೂರು ವರ್ಷದ ಹಿಂದೆ ಒಂದು ಸಮೂಹ ನೃತ್ಯದ ತಾಲೀಮಲ್ಲಿ ಪರಿಚಯ. ನಾನು ಮೊದಲ ಸಾಲು, ಅವನು ಕೊನೆ ಸಾಲು. ಅಲ್ಲಿ ಎಲ್ಲರೂ ನನ್ನನ್ನ ಅಕ್ಕಾ ಅಂತಿದ್ರು, ಅವನೂ ಅಂತಿದ್ದ. ಆಮೇಲೆ ಒಂದು ವರ್ಷ ಯಾವ ಹೆಸರಿಂದಲೂ ಕರೀಲಿಲ್ಲ. "ಇಲ್ಲಿ ನೋಡಿ", "ಕೇಳಿದ್ರಾ" ಅಂತಲೇ ದಿನ ದೂಡಿದ. ಒಂದು ದಿನ ಫೋನಲ್ಲಿ ಬರೀ ಹೆಸರು ಹಿಡಿದು ಕರೆದ. ನಾನು ಅಮ್ಮ ಕರೀತಿದ್ದಾಳೆ ಅಂತ ಸುಳ್ಳು ಹೇಳಿ ಇಟ್ಟುಬಿಟ್ಟೆ. ಅಲ್ಲಿಂದ ಶುರು.

ಈಗ ವಿಷಯ. ಅವನು ಬೆಂಗಳೂರಿನ ಒಂದು ತಂಡಕ್ಕೆ ಆಯ್ಕೆ ಆಗಿದ್ದಾನೆ, ಎರಡು ತಿಂಗಳಲ್ಲಿ ಸೇರಬೇಕು. ಹೋಗೋ ಮುಂಚೆ ಬಳ್ಳಾರಿಯಲ್ಲಿ ಒಂದು ಪೂರ್ತಿ ಕಾರ್ಯಕ್ರಮ ಅಂತ ಮೊದಲಿಂದ ಮಾತಾಗಿತ್ತು. ಜೋಡಿಯಾಗಿ ಅಂತ ನಾನು ಅಂದ್ಕೊಂಡಿದ್ದೆ. ನಮ್ಮಿಬ್ಬರ ವರ್ಣ, ಅಂದ್ರೆ ಕಾರ್ಯಕ್ರಮದ ದೊಡ್ಡ ನೃತ್ಯ, ಚೈತ್ರದಿಂದ ತಾಲೀಮಲ್ಲಿದೆ. ಮೊನ್ನೆ ಹೇಳಿದ: "ನಾನು ಸೋಲೋ ಮಾಡ್ತೀನಿ. ನೀನು ನಟ್ಟುವಾಂಗಕ್ಕೆ ಕೂತ್ಕೋ. ನೀನು ತಾಳ ಹಿಡಿದ್ರೆ ನಂಗೆ ಧೈರ್ಯ."

ಕೂತ್ಕೋ! ನಟ್ಟುವಾಂಗ ಅಂದ್ರೆ ವೇದಿಕೆ ಬದಿಯಲ್ಲಿ ಕೂತು ತಾಳ ಹಿಡಿದು ಜತಿ (ಹೆಜ್ಜೆಯ ಸೊಲ್ಲು) ಹೇಳೋದು. ನಮ್ಮಲ್ಲಿ ಯಾರು ಕೂರ್ತಾರೆ, ಯಾವಾಗ ಕೂರ್ತಾರೆ ಅಂತ ಅವನಿಗೆ ಗೊತ್ತಿಲ್ವಾ? ತಾವು ಕುಣಿಯೋದು ಮುಗೀತು ಅಂದಾಗ ಅಲ್ವಾ? ನಾಲ್ಕು ದಿನದಿಂದ ಫೋನ್ ಎತ್ತಿಲ್ಲ. ನಾನು ಜಾಸ್ತಿ ಮಾಡ್ತಿದ್ದೀನಾ?


ಮಿರ್ಚಿಬಜ್ಜಿ (ಬಳ್ಳಾರಿ)

ಏಳು ವರ್ಷ ದೊಡ್ಡೋರು ನೀವು. ಅದನ್ನ ಬಿಟ್ಟು ತಾಳ, ಮೇಳ ಅಂತ ಮಾತಾಡ್ತಿದ್ದೀರಲ್ಲ ಮೇಡಂ.


ಕೊಪ್ಪಳದ ಕಾಕು

ಏ ಮಿರ್ಚಿ, ನೀ ಎಣ್ಯಾಗ ಬೀಳೂದಕಿಂತ ಮೊದಲ ಸ್ವಲ್ಪ ತಡಿ. ನಮ್ಮ ಕಡೆ ವಯಸ್ಸು ಆಮ್ಯಾಲ ಕೇಳ್ತಾರ, ಮೊದಲ ಬ್ಯಾರೇದ ಕೇಳ್ತಾರ. ಅಕಿ ಅದನ್ನ ಬರದಿಲ್ಲ, ನಾನೂ ಕೇಳೂದಿಲ್ಲ.

ತಂಗಿ, ದೊಡ್ಡಾಟದ ಮನಿ ಹುಡುಗ ಅಂದಿಯಲ್ಲ, ಒಂದು ಮಾತು ಹೇಳ್ತೀನಿ. ನಮ್ಮೂರಾಗ ಗಂಡಸು ಗೆಜ್ಜಿ ಕಟ್ಟೂದು ಹೊಸಾದಲ್ಲ, ಹೆಣ್ಣಿನ ವೇಷಾನೂ ಗಂಡಸರೇ ಹಾಕ್ತಿದ್ರು. ಆಟ ರಾತ್ರಿ ಇಡೀ ನಡೀತೈತಿ. ಕಿರೀಟದ ಭಾರಕ್ಕ ಕುತ್ತಿಗಿ ಹೊರಳೂದಿಲ್ಲ. ಆದ್ರ ಹಿಂದ ಹಿಮ್ಮೇಳದಾಗ ನಿಂತ ಭಾಗವತ ಹಾಡು ಎತ್ತಿದ್ರನ ವೇಷದವ ಹೆಜ್ಜಿ ಎತ್ತಾಂವ. ಆ ಮನ್ಯಾಗ ಹುಟ್ಟಿದಂವ "ನೀ ತಾಳ ಹಿಡಿ" ಅಂದ್ರ ಅವನ ಲೆಕ್ಕದಾಗ ಅದು ದೊಡ್ಡ ಮಾತು. ನಿನ್ನ ಲೆಕ್ಕ ಬ್ಯಾರೆ. ಇಬ್ಬರ ಲೆಕ್ಕಾನೂ ತಪ್ಪಲ್ಲ. ಮೊದಲ ಫೋನ್ ಎತ್ತು.


ಮೃದಂಗದವ (ಹೊಸಪೇಟೆ)

ಇಪ್ಪತ್ತೈದು ವರ್ಷದಿಂದ ನಟ್ಟುವಾಂಗದವರ ಪಕ್ಕದಲ್ಲೇ ಕೂತು ಬೆನ್ನು ಬಗ್ಗಿಸಿಕೊಂಡವನು ನಾನು, ಅದಕ್ಕೇ ಬರೀತಿದ್ದೀನಿ.

ಡ್ಯಾನ್ಸರ್ ತಪ್ಪಿದರೆ ನಟ್ಟುವಾಂಗದವರು ಮುಚ್ಚಿ ಹಾಕ್ತಾರೆ. ನಟ್ಟುವಾಂಗದವರು ತಪ್ಪಿದರೆ ಮುಚ್ಚಿ ಹಾಕೋರು ಯಾರೂ ಇಲ್ಲ. ವರ್ಣ ಅರ್ಧ ಗಂಟೆ, ಮುಕ್ಕಾಲು ಗಂಟೆ ಹೋಗುತ್ತೆ. ಮೂರನೇ ತೀರ್ಮಾನದ (ವರ್ಣದ ನಡುವೆ ಬರೋ ಚುರುಕು ಹೆಜ್ಜೆಗಳ ಸರಣಿ) ಹೊತ್ತಿಗೆ ಕುಣಿಯೋರ ಉಸಿರು ಎಲ್ಲಿದೆ, ಕಾಲು ಎಷ್ಟು ಭಾರ ಆಗಿದೆ ಅಂತ ಜತಿ ಹೇಳೋರಿಗೆ ಗೊತ್ತಾಗಬೇಕು. ಒಂದು ಎಳೆ ನಿಧಾನ ಮಾಡಿದರೆ ಡ್ಯಾನ್ಸರ್ ಬದುಕಿಕೊಳ್ತಾರೆ, ಸಭೆಗೆ ಗೊತ್ತೂ ಆಗಲ್ಲ. ತಾಳದ ಜೋಡಿಯಲ್ಲಿ ಒಂದು ಉಕ್ಕಿನದು, ಒಂದು ಕಂಚಿನದು. (ಸುಮ್ಮನೆ ಮಾಹಿತಿಗೆ ಹೇಳಿದೆ, ಯಾರೂ ಇದರಿಂದ ಗಂಡ ಹೆಂಡತಿ ಉಪಮೆ ಮಾಡಬೇಡಿ.)

ಆದ್ದರಿಂದ ತಾಳ ಹಿಡಿಯೋದು ಕೆಳಗಿನ ಕೆಲಸ ಅಂತ ನಾನು ಒಪ್ಪಲ್ಲ. ಆದರೆ ತಾಯೀ, ನಿಮ್ಮ ಸಿಟ್ಟು ಸುಳ್ಳು ಅಂತಲೂ ಹೇಳಲ್ಲ. ಕರಪತ್ರ ನೋಡಿ ಬೇಕಾದರೆ. ಡ್ಯಾನ್ಸರ್ ಫೋಟೋ ಅಂಗೈ ಅಗಲ. ನಟ್ಟುವಾಂಗ, ಹಾಡುಗಾರಿಕೆ, ಮೃದಂಗ, ಕೊಳಲು ಎಲ್ಲಾ ಸೇರಿ ಕೆಳಗೆ ಒಂದು ಸಾಲು, ಅದರ ಕೆಳಗೆ ಧ್ವನಿವರ್ಧಕದವರು. ಅವನನ್ನ ಒಂದೇ ಪ್ರಶ್ನೆ ಕೇಳಿ: ಕರಪತ್ರದಲ್ಲಿ ನನ್ನ ಹೆಸರು ಎಲ್ಲಿ ಬರುತ್ತೆ?


ನಿರ್ವಾಹಕ

ಮಿರ್ಚಿಬಜ್ಜಿ ಅವರ ಇನ್ನೆರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಮೂರನೆಯದಕ್ಕೆ ಅವರನ್ನೇ ತೆಗೆಯುತ್ತೇನೆ.


ಮುದಗಲ್ ಕೋಟೆ (ರಾಯಚೂರು ಜಿಲ್ಲೆ, ಈಗ ಲಂಡನ್)

ನಾನು ಡ್ಯಾನ್ಸ್ ಮಾಡವನಲ್ರಿ. ಇಲ್ಲಿ ಬಂದ ಮ್ಯಾಲ ಬ್ಯಾಲೆ ನೋಡೋ ಹುಚ್ಚು ಹತ್ಯದ. ಮೇಲಿನ ಬೆಂಚಿನ ಕಡಿಮಿ ಟಿಕೇಟು, ಕಂಬದ ಹಿಂದ ಕೂತು ಅರ್ಧ ಸ್ಟೇಜ್ ನೋಡೋದು.

ನಿಮ್ಮ ಕತಿ ಓದಿ ಬ್ಯಾಲೆ ಕುಣಿಯೋ ಮಾರ್ಗಟ್ ಫಾಂಟೇನ್ ನೆನಪಾದಳು. 1919ರಾಗ ಹುಟ್ಟಿದಾಕಿ. ಅಕಿ ಜೋಡಿ ಕುಣಿದ ರುಡಾಲ್ಫ್ ನುರೇಯೆವ್ 1938ರಾಗ. ಹತ್ತೊಂಬತ್ತು ವರ್ಷ ಫರಕ್, ನಿಮ್ಮದು ಏಳಕ್ಕ ಊರು ಬಾಯಿ ಮಾಡ್ತದ! ಅಂವ 1961ರ ಜೂನ್‌ದಾಗ ಪ್ಯಾರಿಸ್ ಏರ್‌ಪೋರ್ಟಿನಾಗ ಸೋವಿಯತ್ ತಂಡ ಬಿಟ್ಟು ಓಡಿದಂವ. ಮುಂದಿನ ಫೆಬ್ರವರಿಯಾಗ ಲಂಡನ್‌ನಾಗ ಇಬ್ಬರೂ 'ಜಿಸೆಲ್' ಕುಣಿದ್ರು. ಅಕಿಗೆ 42, ಅವಗ 23. ಅಕಿ ಕುಣಿಯೋದು ಬಿಡ್ತಾಳ ಅಂತ ಎಲ್ಲಾರೂ ಅನ್ಕೊಂಡಿದ್ದ ವಯಸ್ಸು ಅದು. ಪ್ಯಾರಿಸ್ ಒಪೇರಾದಾಗ ಇವತ್ತಿಗೂ 42ಕ್ಕ ನಿವೃತ್ತಿ ಅದ. ಅಕಿ ಮೊದಲ ಹಿಂದ ಮುಂದ ನೋಡಿದ್ಳು, ಈ ಹುಡುಗನ ಪಕ್ಕ ನಾನು ಮುದುಕಿ ಕಾಣ್ತೀನಿ ಅಂತ. ಆಮ್ಯಾಲ ಆ ಜೋಡಿ ಹತ್ತು ವರ್ಷದ ಮ್ಯಾಲ ನಡೀತು.

ಅವರ ನಡುವ ಪ್ರೀತಿ ಇತ್ತೋ ಇಲ್ಲೋ ಅಂತ ಇಲ್ಲಿ ಮಂದಿ ಇನ್ನೂ ಮಾತಾಡ್ತಾರ, ನನಗ ಅದು ಬ್ಯಾಡ. ನನಗ ಹಿಡಿಸಿದ್ದು ಏನಂದ್ರ, ಅಂವ ಅಕಿಗೆ ಕೂಡ್ರು ಅನ್ನಲಿಲ್ಲ. ಅಂವ ಜಿಗಿಯೋದು ನೋಡಿ ಅಕಿ ಮತ್ತ ತಾಲೀಮಿಗೆ ಬಿದ್ದಳು, ಅಕಿ ಸ್ಟೇಜ್ ಮ್ಯಾಲ ಸುಮ್ಮನ ನಿಲ್ಲೋದು ನೋಡಿ ಅಂವ ನಿಲ್ಲೋದು ಕಲಿತ.


ಸೊಲ್ಲುಕಟ್ಟು (ಗಂಗಾವತಿ)

ಮುದಗಲ್ ಅವರೇ, ಅದೇ ಬ್ಯಾಲೆಯ ಇನ್ನೊಂದು ಕತೆಯನ್ನೂ ಹೇಳಿ. ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡ ನಡೆಸುತ್ತಿದ್ದ ಜಾರ್ಜ್ ಬಾಲಂಚೀನ್. ತಂಡದ ನರ್ತಕಿ ಸುಝಾನ್ ಫ್ಯಾರೆಲ್ ಅವನಿಗಿಂತ 41 ವರ್ಷ ಚಿಕ್ಕವಳು. ಅವಳಿಗಾಗಿ ಒಂದರ ಮೇಲೊಂದು ನೃತ್ಯ ಕಟ್ಟಿದ. ಅವಳು 1969ರಲ್ಲಿ ಅದೇ ತಂಡದ ಪಾಲ್ ಮೆಹಿಯಾನನ್ನ ಮದುವೆಯಾದಳು. ಮುಗೀತು, ಗಂಡ ಹೆಂಡತಿ ಇಬ್ಬರೂ ತಂಡದಿಂದ ಹೊರಗೆ. ಬ್ರಸೆಲ್ಸ್‌ಗೆ ಹೋಗಿ ಮೋರಿಸ್ ಬೆಜಾರ್ ತಂಡದಲ್ಲಿ ಕುಣಿಯಬೇಕಾಯ್ತು. ಅವಳು ವಾಪಸ್ ಬಂದದ್ದು 1975ರಲ್ಲಿ.

ನಾನು ಕೇಳಬೇಕಾದ್ದು ಅಕ್ಕನ್ನ. ಅವನು ನಿಮ್ಮ ಶಿಷ್ಯನಾ, ಅಲ್ವಾ? "ಬೇರೆ ಗುರುಗಳ ಹತ್ರ" ಅಂತ ಬರೆದಿದ್ದೀರಿ, ಸರಿ. ಆದರೆ ಕೊನೆ ಸಾಲಿನ ಹುಡುಗ ಮೂರು ವರ್ಷದಲ್ಲಿ ಬೆಂಗಳೂರು ತಂಡಕ್ಕೆ ಹೋಗೋ ಮಟ್ಟಕ್ಕೆ ತಾನಾಗೇ ಬರಲ್ಲ. ಯಾರ ಕೈಯಲ್ಲಿ ಅವಕಾಶ ಇರುತ್ತೋ ಅವರ ಪ್ರೀತಿಗೆ ಭಾರ ಜಾಸ್ತಿ. ನೀವು ಇಲ್ಲಿ ನೊಂದವರಾಗಿ ಬರೆದಿದ್ದೀರಿ. ಭಾರ ನಿಮ್ಮ ಕಡೆ ಇಲ್ಲ ಅಂತ ಖಾತ್ರಿನಾ?


ಕಡಪಾಕಲ್ಲು · ಸೋಮವಾರ, ರಾತ್ರಿ 12:15

ಶಿಷ್ಯ ಅಲ್ಲ. ಒಂದು ರೂಪಾಯಿ ತಗೊಂಡಿಲ್ಲ, ಗುರು ಅಂತ ನಮಸ್ಕಾರ ಮಾಡಿಸ್ಕೊಂಡಿಲ್ಲ. ಆದರೆ ಅವನ ಅರೆಮಂಡಿ (ಮಂಡಿ ಮಡಚಿ ಅರ್ಧ ಕೂತ ನಿಲುವು) ತಿದ್ದಿದ್ದು ನಾನೇ, ಅದು ನಿಜ. ದೊಡ್ಡಾಟದ ನಿಲುವು ಅವನ ಸೊಂಟದಲ್ಲೇ ಕೂತಿತ್ತು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಐದೈದು ನಿಮಿಷ, ಆರು ತಿಂಗಳು.

ಬಾಲಂಚೀನ್ ಕತೆ ಓದಿ ನಿದ್ದೆ ಬರಲಿಲ್ಲ. ಒಂದು ವಿಷಯ ಮೊದಲ ಸಲ ಬರೆಯುವಾಗ ಬಿಟ್ಟಿದ್ದೆ. ಬೆಂಗಳೂರು ತಂಡದ ಆಯ್ಕೆಯ ಸಂದೇಶ ಮೊದಲು ಬಂದದ್ದು ನನ್ನ ವಾಟ್ಸಾಪಿಗೆ, ನಮ್ಮ ಟೀಚರುಗಳ ಗುಂಪಿಗೆ. 18ರಿಂದ 30 ವಯಸ್ಸು ಅಂತ ಇತ್ತು. ನನಗೆ ಆಗಲ್ಲ, ಅವನಿಗೆ ಆಗುತ್ತೆ. ನಾನು ಎರಡು ದಿನ ಕಳಿಸಲಿಲ್ಲ. ಮರೆತೆ ಅಂತ ನನಗೆ ನಾನೇ ಹೇಳ್ಕೊಂಡೆ. ಮರೆತಿರಲಿಲ್ಲ. ದಿನಕ್ಕೆ ನಾಲ್ಕು ಸಲ ತೆಗೆದು ಓದ್ತಿದ್ದೆ. ಮೂರನೇ ದಿನ ಕಳಿಸಿದೆ. ಅವನಿಗೆ ಇದು ಗೊತ್ತಿಲ್ಲ.


ಕೊಪ್ಪಳದ ಕಾಕು

ಎರಡ ದಿನ ಅಲ್ಲ? ನಾ ಆಗಿದ್ರ ಡಿಲೀಟ್ ಮಾಡ್ತಿದ್ದೆ. ಕಳಿಸೀಯಲ್ಲ, ಸಾಕು ಬಿಡು. ಆದ್ರ ಅವಗ ಹೇಳು. ಇಲ್ಲಿ ಊರಿಗೆಲ್ಲಾ ಹೇಳಿ ಅವಗ ಹೇಳದಿದ್ರ ಹೆಂಗ.


ಫಿಸಿಯೋ ಬಳ್ಳಾರಿ

ಎಲ್ಲರೂ ಮನಸ್ಸಿನ ಬಗ್ಗೆ ಬರೆದಿದ್ದೀರಿ, ನಾನು ಮೊಣಕಾಲಿನ ಬಗ್ಗೆ ಕೇಳಲಾ? ಕಡಪಾಕಲ್ಲು ಅಂತ ಹೆಸರು ಇಟ್ಕೊಂಡಿದ್ದೀರಿ ಅಂದ್ರೆ ನಿಮ್ಮ ಕ್ಲಾಸಿನ ನೆಲ ಅದೇ ಇರಬೇಕು. ಬಳ್ಳಾರಿ ಮನೆಗಳಲ್ಲಿ ಅರ್ಧಕ್ಕರ್ಧ ಕಡಪಾ ಕಲ್ಲು. ಬೇಸಿಗೆಗೆ ತಂಪು, ನೆಲಕ್ಕೆ ಪಾದ ತಟ್ಟೋ ತಟ್ಟಡವಿಗೆ ವೈರಿ. ಬ್ಯಾಲೆಯವರು ಕೆಳಗೆ ಟೊಳ್ಳು ಬಿಟ್ಟು, ತುಸು ಬಾಗೋ ಮರದ ನೆಲದ ಮೇಲೆ ಜಿಗೀತಾರೆ. ನೀವು ಕಲ್ಲಿನ ಮೇಲೆ ಬರಿಗಾಲಲ್ಲಿ ಬಾರಿಸ್ತೀರಿ. ಅರೆಮಂಡಿಯಲ್ಲಿ ಮಂಡಿ ಹೊರಕ್ಕೆ ತಿರುಗಬೇಕಾದ್ದು ಸೊಂಟದ ಕೀಲಿಂದ. ಅದು ತಿರುಗದೆ ಬರೀ ಪಾದ ತಿರುಗಿಸಿದರೆ ಆ ತಿರುಚು ಪೂರ್ತಿ ಮೊಣಕಾಲಿಗೆ ಬರುತ್ತೆ. ಈ ನೋವು ಹೇಳಿಕೊಡೋ ಟೀಚರುಗಳಿಗೂ ಬರುತ್ತೆ, ಯಾಕೆಂದ್ರೆ ಅವರು ಮೈ ಬಿಸಿ ಮಾಡ್ಕೊಳ್ಳದೇ ದಿನಕ್ಕೆ ಇಪ್ಪತ್ತು ಸಲ ತೋರಿಸ್ತಾರೆ.

ನೋವು ಇದೆಯಾ? ಮೆಟ್ಟಿಲು ಇಳಿಯುವಾಗಲಾ, ಹತ್ತುವಾಗಲಾ?


ಕಡಪಾಕಲ್ಲು

ಇಳಿಯುವಾಗ. ಎಡಗಾಲು. ಯಾರಿಗೂ ಹೇಳಿಲ್ಲ. ನೀವು ಹೇಗೆ ಹಿಡಿದ್ರಿ?


ಫಿಸಿಯೋ ಬಳ್ಳಾರಿ

ಹಿಡಿಯೋಕೆ ಏನೂ ಇಲ್ಲ, ದಿನಾ ನೋಡ್ತೀನಿ. ಮೊದಲು ಯಾರಾದರೂ ಮೂಳೆ ಡಾಕ್ಟರಿಗೆ ತೋರಿಸಿ. ಕುಣಿಯೋದು ಬಿಡಿ ಅಂತ ನಾನು ಹೇಳ್ತಿಲ್ಲ. ಪೂರ್ತಿ ಮಂಡಿ, ಜಿಗಿತ, ವರ್ಣದ ತಾಲೀಮು ಸದ್ಯಕ್ಕೆ ನಿಲ್ಲಿಸಿ. ತೊಡೆ, ಸೊಂಟದ ಬಲಕ್ಕೆ ವ್ಯಾಯಾಮ ಶುರು ಮಾಡಿ. ಕ್ಲಾಸಿನಲ್ಲಿ ಒಬ್ಬ ದೊಡ್ಡ ಹುಡುಗಿಯನ್ನ ನಿಲ್ಲಿಸಿ ಅವಳ ಕೈಲಿ ತೋರಿಸಿ, ನೀವು ಬಾಯಲ್ಲಿ ಹೇಳಿ. ಅಭಿನಯಕ್ಕೆ ಯಾವ ಅಡ್ಡಿಯೂ ಇಲ್ಲ.


ಸಾಸಿವೆಕಾಳು (ಸಿರುಗುಪ್ಪ)

ಅಭಿನಯದ ಮಾತು ಬಂತು, ಅದಕ್ಕೆ ಒಂದು ಮಾತು. ಮೈಸೂರು ಶೈಲಿಯ ಕೆ. ವೆಂಕಟಲಕ್ಷಮ್ಮ 1906ರಲ್ಲಿ ಹುಟ್ಟಿದವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸೋಕೆ ಸೇರಿದ್ದೇ ಅರವತ್ತರ ಹತ್ತಿರ. ಪದ್ಮಭೂಷಣ ಬಂದಾಗ 1992. ಅವರು ಕೂತು ಒಂದು ಹುಬ್ಬು ಎತ್ತಿದರೆ ಸಾಕಾಗ್ತಿತ್ತು ಅಂತ ನಮ್ಮ ಗುರುಗಳು ಹೇಳೋರು. 34ಕ್ಕೆ ಮುಗೀತು ಅನ್ನೋದು ಬ್ಯಾಲೆಯವರ ಲೆಕ್ಕ ಇರಬಹುದು, ನಮಗೆ ಯಾಕೆ?

ಇನ್ನೊಂದು, ದುಡ್ಡಿನ ಮಾತು, ಯಾರೂ ಎತ್ತಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25, ಅದು ಇಬ್ಬರಿಗೂ ದಾಟಿದೆ. ಜೂನಿಯರ್ ಫೆಲೋಶಿಪ್ 25ರಿಂದ 40, ತಿಂಗಳಿಗೆ 10,000, ಎರಡು ವರ್ಷ. ನಿಮಗಿನ್ನೂ ಆರು ವರ್ಷ ಇದೆ. ಅವನು ಬೆಂಗಳೂರಿಗೆ ಹೋದ ಮೇಲೆ ದಾರಿ ನೋಡ್ತಾ ಕೂರೋ ಬದಲು ಒಂದು ಒಳ್ಳೆ ವಿಷಯ ಹಿಡಿದು ಅರ್ಜಿ ಹಾಕಿ. ದೊಡ್ಡಾಟದ ಹೆಜ್ಜೆ ಬಗ್ಗೆಯೇ ಹಾಕಬಹುದು, ಮಾವನ ಮನೆಯಲ್ಲೇ ಸಾಮಗ್ರಿ ಇದೆ.


ಕಡಪಾಕಲ್ಲು

ಮಾವನ ಮನೆ ಅಂತೆ! ಇನ್ನೂ ಫೋನ್ ಎತ್ತಿಲ್ಲ ಇಲ್ಲಿ.


ಸೊಲ್ಲುಕಟ್ಟು (ಗಂಗಾವತಿ)

ನಾನು ಸ್ವಲ್ಪ ಬಿರುಸಾಗಿ ಕೇಳಿದೆ, ಬೇಜಾರು ಬೇಡ ಅಕ್ಕಾ. ಇಬ್ಬರೂ ಕುಣಿಯೋ ಮನೆ ನಡೆಯಲ್ಲ ಅಂತ ನಾನೇನೂ ಹೇಳ್ತಿಲ್ಲ. ಬೆಂಗಳೂರಿನ ಯು.ಎಸ್. ಕೃಷ್ಣರಾವ್, ಚಂದ್ರಭಾಗಾದೇವಿ ಇದ್ದರಲ್ಲ. ಕೃಷ್ಣರಾವ್ ಕಾಲೇಜಲ್ಲಿ ಕೆಮಿಸ್ಟ್ರಿ ಮೇಷ್ಟ್ರು, ಹೆಂಡತಿ ಜೊತೆ ಊರೂರು ಕುಣಿದರು. ಚೆನ್ನೈನ ಕಲಾಕ್ಷೇತ್ರದಲ್ಲಿ ಕಲಿತ ಗಂಡ ಹೆಂಡತಿ ಧನಂಜಯನ್, ಶಾಂತಾ ಇಬ್ಬರಿಗೂ 2009ರಲ್ಲಿ ಒಟ್ಟಿಗೇ ಪದ್ಮಭೂಷಣ. ಆದರೆ ಅವರೆಲ್ಲ ಒಂದೇ ಮೆಟ್ಟಿಲ ಮೇಲೆ ನಿಂತು ಹತ್ತಿದವರು. ನಿಮ್ಮದು ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಶುರುವಾಗಿ, ಈಗ ಅದು ತಿರುವಾಗ್ತಿದೆ. ಅದಕ್ಕೇ ತಲೆ ತಿರುಗ್ತಿರೋದು. ಅವನಿಗೂ ತಿರುಗ್ತಿರಬಹುದು.


ಮಿರ್ಚಿಬಜ್ಜಿ (ಬಳ್ಳಾರಿ)

ಸಾರಿ ಮೇಡಂ. ನನ್ನ ತಂಗಿ ನಿಮ್ಮ ಕ್ಲಾಸಿಗೇ ಬರ್ತಾಳೆ ಅನ್ಸುತ್ತೆ. ಯಾರಿಗೂ ಹೇಳಲ್ಲ.


ನಿರ್ವಾಹಕ

ಹೇಳಬೇಡಿ.


ಕಡಪಾಕಲ್ಲು · ಗುರುವಾರ, ರಾತ್ರಿ 10:50

ನಿನ್ನೆ ಭೇಟಿಯಾದೆ. ಕೋಟೆ ಬುಡದಲ್ಲಿ, ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಧ್ಯ ಇಟ್ಕೊಂಡು. ತಣ್ಣಗಾಗೋವರೆಗೂ ಇಬ್ಬರೂ ಮುಟ್ಟಲಿಲ್ಲ.

ಎರಡು ದಿನದ ವಿಷಯ ಹೇಳಿದೆ. ಅವನು ತಲೆ ಬಗ್ಗಿಸಿ ಮಿರ್ಚಿಯ ತೊಟ್ಟು ಕಿತ್ತು ಬದಿಗಿಟ್ಟು, "ಗೊತ್ತಿತ್ತು" ಅಂದ. ಅದೇ ಸಂದೇಶ ಮೊದಲ ದಿನವೇ ಅವನ ಹೊಸಪೇಟೆ ಗೆಳೆಯ ಕಳಿಸಿದ್ದನಂತೆ. "ನೀನು ಕಳಿಸ್ತೀಯೋ ಇಲ್ವೋ ಅಂತ ಕಾದೆ. ಮೂರನೇ ದಿನ ಬಂತು. ಬರದಿದ್ದರೆ ಅರ್ಜಿ ಹಾಕ್ತಿರಲಿಲ್ಲ" ಅಂದ. ನನಗೆ ಅಳು ಬರೋ ಬದಲು ಸಿಟ್ಟು ಬಂತು. ನನ್ನ ಪರೀಕ್ಷೆ ಮಾಡೋಕೆ ಇವನ್ಯಾರು? ನಾನು ಕಳಿಸದಿದ್ದರೆ ಅವನ ಬದುಕು ಕೆಟ್ಟಿದ್ದಕ್ಕೆ ನಾನು ಹೊಣೆಯಾಗ್ತಿದ್ದೆ, ನನಗೇ ತಿಳೀದ ಹಾಗೆ. ಜೋರಾಗೇ ಬೈದೆ. ಪಕ್ಕದ ಬೆಂಚಿನವರು ಎದ್ದು ಹೋದರು.

ಆಮೇಲೆ ತಾಳದ ಮಾತು. ಅವನು ಹೇಳಿದ್ದು ಕೇಳಿ. ಶ್ರಾವಣದಿಂದ ನಾನು ಮಾಳಿಗೆ ಮೆಟ್ಟಿಲು ಒಂದೊಂದೇ ಇಳಿಯೋದು, ಗೋಡೆ ಹಿಡಿಯೋದು ನೋಡಿದ್ದಾನೆ. ವರ್ಣದ ತಾಲೀಮು ಮುಗಿದ ಮೇಲೆ ನಾನು ಎಡಗಾಲು ಚಾಚಿ ಕೂರೋದನ್ನೂ ನೋಡಿದ್ದಾನೆ. ಕಾಲು ನೋವಾ ಅಂತ ಕೇಳಿದರೆ ನಾನು ಇಲ್ಲ ಅಂತೀನಿ, ಹಟಕ್ಕೆ ಬಿದ್ದು ಇನ್ನೊಂದು ಸಲ ಕುಣೀತೀನಿ ಅಂತ ಹೆದರಿ, ನಟ್ಟುವಾಂಗದ ನೆವ ಹೂಡಿದ್ದಂತೆ.

ನಾನು ನೋವು ಮುಚ್ಚಿಟ್ಟೆ, ಅವನು ನೋಡಿದ್ದನ್ನ ಮುಚ್ಚಿಟ್ಟ. ನಾನು ಸಂದೇಶ ಮುಚ್ಚಿಟ್ಟೆ, ಅವನು ಗೊತ್ತಿದ್ದದ್ದನ್ನ ಮುಚ್ಚಿಟ್ಟ. ಇಬ್ಬರೂ ಮುಖದಲ್ಲಿ ಒಂಬತ್ತು ರಸ ತೋರಿಸೋ ಜನ!

ಮೃದಂಗದ ಅಣ್ಣ ಹೇಳಿದ ಪ್ರಶ್ನೆ ಕೇಳಿದೆ. ಕರಪತ್ರದಲ್ಲಿ ನನ್ನ ಹೆಸರು ಎಲ್ಲಿ? ಅವನು ಅದರ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ನಿಜ ಹೇಳ್ತೀನಿ, ಅದು ಮಾತ್ರ ಇವತ್ತಿಗೂ ಚುಚ್ಚುತ್ತೆ.


ಮೃದಂಗದವ (ಹೊಸಪೇಟೆ)

ಯೋಚನೆ ಮಾಡಿರಲ್ಲ. 27ಕ್ಕೆ ನಾವ್ಯಾರೂ ಮಾಡಿರಲಿಲ್ಲ. ಈಗ ಮಾಡಿಸಿ.


ಮುದಗಲ್ ಕೋಟೆ

ಫಾಂಟೇನ್ ಕತಿದಾಗ ಒಂದು ಬಿಟ್ಟಿದ್ದೆ. ಅಕಿ ಗಂಡ 1964ರಾಗ ಗುಂಡೇಟು ಬಿದ್ದು ಮೈ ಸ್ವಾಧೀನ ಕಳಕೊಂಡ. ಅವನ ಆರೈಕಿಗೆ ರೊಕ್ಕ ಬೇಕಲ್ಲ, ಅದಕ್ಕೂ ಅಕಿ ಕುಣೀತಾನೇ ಇದ್ದಳು, ಪಾದ ಕೆಟ್ಟರೂ. ಮ್ಯಾಲಿಂದ ನೋಡೋರಿಗೆ ಚಂದ ಕಾಣ್ತದ. ಕಾಲು ಮುಚ್ಚಿಡಬ್ಯಾಡ್ರಿ.


ಕೊಪ್ಪಳದ ಕಾಕು

ಮನ್ಯಾಗ ಏನಂದ್ರು? ಅದನ್ನ ಹೇಳವಾ.


ಕಡಪಾಕಲ್ಲು · ಹದಿನೆಂಟು ದಿನದ ಮೇಲೆ

ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ ಕಾಕು. ಅಮ್ಮನಿಗೆ ಗೊತ್ತು, ಗೊತ್ತಿಲ್ಲದವಳ ಹಾಗೆ ಇದ್ದಾಳೆ. ಮೊನ್ನೆ ಅವನು ಬಂದಾಗ ಮಜ್ಜಿಗೆ ಕೊಟ್ಟು "ಬೆಂಗಳೂರಲ್ಲಿ ಊಟಕ್ಕೆ ಏನ್ ಮಾಡ್ತೀಯಪ್ಪಾ" ಅಂದಳು. ಅಷ್ಟೇ. ಅವನು ಹೋಗೋದು ಖಾತ್ರಿ. ತೋರಣಗಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಯ್ತು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಅದೇನು ಸೋವಿಯತ್ ಅಲ್ಲ. ಮದುವೆ ಮಾತು ಅವನು ಎತ್ತಿದ, ನಾನು ಒಂದು ವರ್ಷ ಬೇಡ ಅಂದೆ. ತಂಡದಲ್ಲಿ ಒಂದು ವರ್ಷ ಕುಣಿದು ಅವನು ಏನಾಗ್ತಾನೋ ನೋಡಬೇಕು, ನಾನೂ ಏನಾಗ್ತೀನೋ ನೋಡಬೇಕು. ಫೆಲೋಶಿಪ್ ಅರ್ಜಿಗೆ ಬರೀತಿದ್ದೀನಿ.

ಡಾಕ್ಟರಿಗೆ ತೋರಿಸಿದೆ. ಆಪರೇಷನ್ ಬೇಡ, ವ್ಯಾಯಾಮ ಸಾಕು ಅಂದರು. ಕ್ಲಾಸಿಗೆ ಎರಡು ದಪ್ಪ ರಬ್ಬರ್ ಚಾಪೆ ತಂದೆ. ಮಕ್ಕಳು ತಟ್ಟಿದರೆ ಸದ್ದೇ ಬರಲ್ಲ ಅಂತ ಗೊಣಗ್ತಾರೆ.

ಕಾರ್ಯಕ್ರಮ ಹೀಗೆ ಗೊತ್ತಾಗಿದೆ. ಮೊದಲ ನೃತ್ಯ ಅಲರಿಪುವಿನಿಂದ ವರ್ಣದವರೆಗೆ ಅವನದು, ನಟ್ಟುವಾಂಗ ನನ್ನದು. ವರ್ಣ ಆದ ಮೇಲೆ ನಾನು ಎದ್ದು ನಿಲ್ತೀನಿ, ಹಳೇ ತೆಲುಗು ಕವಿ ಕ್ಷೇತ್ರಯ್ಯನ ಒಂದು ಪದಕ್ಕೆ, ಅಂದ್ರೆ ಅಭಿನಯದ ಹಾಡಿಗೆ. ಬಳ್ಳಾರಿ ಸಭೆಗೆ ತೆಲುಗು ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಅರ್ಧ ಊರಿಗೆ ತಾನಾಗೇ ತಿಳಿಯುತ್ತೆ. ತಡವಾಗಿ ಬಂದವನನ್ನ ಬಾಗಿಲಲ್ಲೇ ನಿಲ್ಲಿಸಿ ಬೈಯೋ ನಾಯಕಿ. ಆಗ ತಾಳ ಹಿಡಿದು ಕೂರೋನು ಅವನು.

ದಿನಾ ಸಂಜೆ ಕಲಿಸ್ತಿದ್ದೀನಿ. ಮಿಶ್ರಚಾಪು, ಏಳೆಣಿಕೆಯ ತಾಳ, ಮೊದಲು ಮೂರು ಆಮೇಲೆ ನಾಲ್ಕು. ಕಾಲಲ್ಲಿ ಕಣ್ಣುಮುಚ್ಚಿ ಹಾಕೋ ಹುಡುಗ ಕೈಯಲ್ಲಿ ತಾಳ ಕೊಟ್ಟರೆ ನಾಲ್ಕನ್ನ ಮೊದಲು ಹೊಡೀತಾನೆ. ನಿನ್ನೆ ಏಳು ಸಲ ನಿಲ್ಲಿಸಿದೆ. "ಕೂತು ಮಾಡೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ" ಅಂದ. ನಾನು ಏನೂ ಅನ್ನಲಿಲ್ಲ, ಮತ್ತೆ ಮೊದಲಿಂದ ಅಂದೆ.


ಮೃದಂಗದವ (ಹೊಸಪೇಟೆ)

ಮೃದಂಗಕ್ಕೆ ಯಾರನ್ನ ಹೇಳಿದ್ದೀರಿ? ಬೆಂಗಳೂರಿಂದ ಕರೆಸಿ ದುಡ್ಡು ಸುರೀಬೇಡಿ. ಅವನು ನಾಲ್ಕನ್ನ ಮೊದಲು ಹೊಡೆದರೂ ನಾನು ಹಿಡ್ಕೊಳ್ತೀನಿ.


ಮಿರ್ಚಿಬಜ್ಜಿ (ಬಳ್ಳಾರಿ)

ಕರಪತ್ರ ಬಂತಾ ಮೇಡಂ?


ಕಡಪಾಕಲ್ಲು

ಪ್ರಿಂಟಿಗೆ ಹೋಗಿದೆ. ಎರಡು ಹೆಸರು, ಒಂದೇ ಅಳತೆ ಅಕ್ಷರ. ಫೋಟೋ ಇನ್ನೂ ತೀರ್ಮಾನ ಆಗಿಲ್ಲ, ಅದಕ್ಕೆ ಜಗಳ ನಡೀತಿದೆ.